ಸಂಬಳ ಹಿಡಿದು ರೋಮನ್ ಸೇನಾ ಪದವಿ ಜೋಡಿಸಿದೆ: ನನ್ನ ಅನುಭವ

ಕೊನೆಗೂ ಸಾಲು ಕೂತಿತು. ಮೇಜಿನ ಮೇಲಿನ ಯುದ್ಧದಾಟದ 28 ಮಿಲಿಮೀಟರ್ ಬೊಂಬೆಗಳಲ್ಲಿ ಕೊನೆಗಾಲದ ರೋಮನ್ ಕುದುರೆ ಪಡೆಯೊಂದು, ಈಗಷ್ಟೇ ಸೇರಿದ ಟಿರೋನಿಂದ ಪಡೆಯ ಮುಖ್ಯಸ್ಥ ಟ್ರಿಬ್ಯೂನಸ್ ತನಕ, ಈಗ ನನ್ನ ಮೇಜಿನ ಮೇಲಿದೆ. ಯಾರು ಯಾರಿಗಿಂತ ಮೇಲೆ ಅನ್ನೋದು ಎದುರು ಕೂತು ಆಡುವವರಿಗೂ ಕಾಣುತ್ತದೆ. "ಆ ಕಾಲದ ಪದವಿಗಳು ಒಂದು ಸಾಲಿಗೆ ಬರಲ್ಲ, ಸುಮ್ನೆ ಬಣ್ಣ ದಂಡ" ಅಂತ ಆಟದ ಗುಂಪಿನಲ್ಲಿ ಎಲ್ಲರೂ ಅಂದಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪ್ರೈಮರ್, ವಾಶ್, ಡ್ರೈಬ್ರಷ್ ಥರದ ಬಣ್ಣ ಹಚ್ಚುವ ವಿಧಾನ ನಿಮಗೆ ಗೊತ್ತೇ ಇದೆ, ಅದನ್ನೆಲ್ಲ ಬಿಡುತ್ತೇನೆ.

ಸಾಮಾನ್ಯವಾಗಿ ನಾವೆಲ್ಲ ಕೈಕೆಳಗೆ ಎಷ್ಟು ಜನ ಅಂತ ನೋಡಿ ಪದವಿ ಜೋಡಿಸುತ್ತೇವೆ, ಅಲ್ವಾ? ಕೆಂಟೆನಾರಿಯಸ್ ಅಂದರೆ ಹಳೇ ಸೆಂಚುರಿಯನ್ ಅಂತ ಸೇನೆಯ ಬಗ್ಗೆ ಬರೆದ ರೋಮನ್ ಲೇಖಕ ವೆಜಿಟಿಯಸ್ ಹೇಳುತ್ತಾನೆ, ಅವನಿಗೆ ನೂರು. ಡುಕೆನಾರಿಯಸ್‌ಗೆ ಇನ್ನೂರು. ಹಾಗಾದರೆ ಬಿಯಾರ್ಕಸ್‌ಗೆ ಎಷ್ಟು, ಸೆನೆಟರ್‌ಗೆ ಎಷ್ಟು (ಇಲ್ಲಿ ಇವೆರಡೂ ಸೇನಾ ಪದವಿಗಳೇ)? ಪಡೆಯಲ್ಲಿ ಇದ್ದದ್ದೇ ಕೆಲವು ನೂರು ಜನ, ಅಧಿಕಾರಿಗಳಿಗೆ ಹಂಚಿ ಮುಗಿಯುವಷ್ಟರಲ್ಲಿ ಸೈನಿಕರೇ ಸಾಲಲ್ಲ. ಆ ಲೆಕ್ಕದಲ್ಲಿ ಶಿರಸ್ತ್ರಾಣದ ತುರಾಯಿಗೆ ಬಣ್ಣ ಹಚ್ಚಿದ ಮೊದಲ ಕಂತು ಪೂರ್ತಿ ವ್ಯರ್ಥ. ಹೊರದೇಶದಿಂದ ತರಿಸಿದ ಲೋಹದ ಬೊಂಬೆಗಳು, ಕಸ್ಟಮ್ಸ್ ಸೇರಿ 11,000 ರೂಪಾಯಿ ಹತ್ತಿರ ಆಗಿತ್ತು. ಬಣ್ಣ ತೆಗೆಯೋಕೆ ಹೋಗಿ ನಾಲ್ಕೈದು ಕುದುರೆಗಳ ಕಾಲೂ ಮುರಿದವು. ಆ ಕಾಲದ ಅಧಿಕಾರಿಗಳ, ಪಡೆಗಳ ಪಟ್ಟಿಯಾದ ನೋಟಿಷಿಯಾ ಡಿಗ್ನಿಟಾಟಮ್ ಗುರಾಣಿಯ ಚಿತ್ರಕ್ಕೆ ಚೆನ್ನಾಗಿ ಒದಗುತ್ತದೆ, ಆದರೆ ಪದವಿಯ ವಿಷಯಕ್ಕೆ ಬಂದರೆ ಅದರಲ್ಲಿ ಮ್ಯಾಜಿಸ್ಟರ್, ಕೊಮೆಸ್, ಡ್ಯೂಕ್ಸ್ ಥರದ ದೊಡ್ಡ ಸೇನಾಧಿಪತಿಗಳೇ. ಪಡೆಯೊಳಗಿನ ಸಣ್ಣ ಪದವಿಗೆ ಬೇರೆ ಕಡೆ ಹೋಗಬೇಕು.

ನಾನು ಸಂಬಳದ ಕಡೆಗೆ ಹೋದೆ. 534ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಆಫ್ರಿಕಾಕ್ಕೆ ಹೊರಡಿಸಿದ ಆದೇಶದಲ್ಲಿ ಡ್ಯೂಕ್ಸ್ ಕೈಕೆಳಗಿನವರ ಸಂಬಳವೆಲ್ಲ ಇದೆ. ಊಟದ ಪಾಲು ಅನೋನಾ, ಕುದುರೆ ಮೇವಿನ ಪಾಲು ಕಾಪಿಟಸ್. ಡುಕೆನಾರಿಯಸ್‌ಗೆ ಮೂರೂವರೆ ಅನೋನಾ, ಕೆಂಟೆನಾರಿಯಸ್‌ಗೆ ಎರಡೂವರೆ, ಬಿಯಾರ್ಕಸ್ ಮತ್ತು ಕಿರ್ಕಿಟರ್‌ಗೆ ಎರಡೆರಡು, ಸೆಮಿಸ್ಸಾಲಿಸ್‌ಗೆ ಒಂದೂವರೆ. "ಅವರು ಕಚೇರಿ ಸಿಬ್ಬಂದಿ ಕಣೋ, ಕುದುರೆ ಹತ್ತಿದವರಲ್ಲ" ಅಂತ ಗೆಳೆಯರು ತಕರಾರು ತೆಗೆದರು. ಸರಿ, ಹಾಗಾದರೆ ಕ್ರೈಸ್ತ ವಿದ್ವಾಂಸ ಜೆರೋಮ್ ಬರೆದದ್ದನ್ನು ನೋಡಿ. ಅದಕ್ಕೂ ಸುಮಾರು 140 ವರ್ಷ ಮೊದಲು, ಯಾವುದೋ ಧರ್ಮದ ಜಗಳದ ನಡುವೆ, ಟ್ರಿಬ್ಯೂನಸ್ ಒಬ್ಬನನ್ನು ಕೆಳಗಿಳಿಸಿದರೆ ಅವನು ಒಮ್ಮೆಲೇ ಟಿರೋ ಆಗಲ್ಲ ಅಂತ ಹೇಳಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿ ಕೊಡುತ್ತಾನೆ: ಪ್ರಿಮಿಕೇರಿಯಸ್, ಸೆನೆಟರ್, ಡುಕೆನಾರಿಯಸ್, ಕೆಂಟೆನಾರಿಯಸ್, ಬಿಯಾರ್ಕಸ್, ಕಿರ್ಕಿಟರ್, ಈಕ್ವೆಸ್ (ಸಾಮಾನ್ಯ ಕುದುರೆ ಸವಾರ), ಆಮೇಲೆ ಟಿರೋ. ಅವನು ಹೇಳುತ್ತಿರುವುದು ಕುದುರೆ ಪಡೆಯ ಮಾತೇ. ಎರಡೂ ಪಟ್ಟಿಗಳಲ್ಲಿ ಸಿಗುವ ಪದವಿಗಳ ಕ್ರಮ ಒಂದೇ! ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಡೆ ಅದೇ ಸಾಲು ಬಂದ ಮೇಲೆ ಇನ್ನೇನು ಬೇಕು? ಸಂಬಳ ಆದೇಶದಿಂದ, ಆದೇಶದಲ್ಲಿ ಇಲ್ಲದವರ ಜಾಗ ಜೆರೋಮ್‌ನಿಂದ ತೆಗೆದುಕೊಂಡೆ.

ಬೊಂಬೆಯ ಮೈಮೇಲೆ ಗುರುತು ಹಾಕಲಿಲ್ಲ, ಅದು ನಿಲ್ಲುವ ಬೇಸ್‌ನ ಅಂಚಿಗೆ ಹಾಕಿದೆ. ಒಂದು ಅನೋನಾಗೆ ಒಂದು ಕೆಂಪು ಗೆರೆ, ಒಂದು ಕಾಪಿಟಸ್‌ಗೆ ಒಂದು ಹಸಿರು ಚುಕ್ಕೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಸ್‌ನ ಅಂಚು ಬಣ್ಣ ಕುಡಿದುಬಿಡುತ್ತದೆ, ಗೆರೆ ಒಡೆದು ಹರಡುತ್ತದೆ. ನೀರು ಬೆರೆಸಿದ ಫೆವಿಕಾಲ್ ಎರಡು ಕೈ ಬಳಿದು, ಒಣಗಿದ ಮೇಲೆ ನಯವಾದ ಉಪ್ಪುಕಾಗದದಲ್ಲಿ ಉಜ್ಜಿದರೆ ಗೆರೆ ಕೂದಲಿನಷ್ಟು ತೆಳ್ಳಗೆ ನಿಲ್ಲುತ್ತದೆ. ಅರ್ಧ ಅನೋನಾ ದೂರದಿಂದಲೂ ಅರ್ಧ ಅಂತಲೇ ಕಾಣುವ ಹಾಗೆ ಮಾಡಿದ್ದು ಹೇಗೆ ಅನ್ನೋದನ್ನು ಮಾತ್ರ ಈಗ ಹೇಳಲ್ಲ, ಅದು ನನ್ನ ಕೈಚಳಕ.

ನಡುವೆ ಇನ್ನೊಂದು ಹುಚ್ಚು ಹತ್ತಿತು. ಅದೇ ಆದೇಶದಲ್ಲಿ ಅನೋನಾಗೆ 5 ಸಾಲಿಡಸ್ (ರೋಮನ್ ಚಿನ್ನದ ನಾಣ್ಯ), ಕಾಪಿಟಸ್‌ಗೆ 4. ಹಾಗಾಗಿ ಡುಕೆನಾರಿಯಸ್‌ಗೆ, ಅವನ ಒಂದೂವರೆ ಕಾಪಿಟಸ್ ಸೇರಿ, ವರ್ಷಕ್ಕೆ ಇಪ್ಪತ್ತಮೂರೂವರೆ ಸಾಲಿಡಸ್, ನಾಣ್ಯಕ್ಕೆ ನಾಲ್ಕೂವರೆ ಗ್ರಾಂ ಅಂದರೂ ನೂರು ಗ್ರಾಂ ಮೇಲೆ ಚಿನ್ನ. ಕೊನೆಗಾಲದ ಈ ರೋಮನ್ ಚಿನ್ನ ನಮ್ಮ ಹಾವೇರಿ ಜಿಲ್ಲೆಯ ಅಕ್ಕಿ ಆಲೂರಿನಲ್ಲೂ ಸಿಕ್ಕಿದೆ. ಪ್ರತಿ ಬೇಸ್ ಮೇಲೆ ಸಂಬಳದಷ್ಟು ಪುಟ್ಟ ನಾಣ್ಯ ಜೋಡಿಸೋಣ ಅಂತ ಹಿತ್ತಾಳೆ ತಂತಿ ಕತ್ತರಿಸಿದೆ. ಆ ಅಳತೆಯಲ್ಲಿ ಅವು ನಾಣ್ಯದ ಹಾಗೆ ಕಾಣಲೇ ಇಲ್ಲ. ಸಾವಿರ ರೂಪಾಯಿ ಹೋಯಿತು.

ಪಟ್ಟಿ ನಿಜ ಜೀವನಕ್ಕೆ ಹೊಂದುತ್ತದಾ ಅಂತ ನೋಡಲು ಈಜಿಪ್ಟ್‌ನಲ್ಲಿದ್ದ ರೋಮನ್ ಸೇನಾಧಿಕಾರಿ ಅಬಿನ್ನೇಯಸ್‌ನ ಪತ್ರ ಓದಿ. ಕುದುರೆ ಬಿಲ್ಲುಗಾರರ ಪಡೆಯಲ್ಲಿ 33 ವರ್ಷ ದುಡಿದು ಡುಕೆನಾರಿಯಸ್ ಆದ. ಈಜಿಪ್ಟ್‌ನ ದಕ್ಷಿಣದ ಬ್ಲೆಮ್ಮೀಸ್ ಜನರ ರಾಯಭಾರಿಗಳ ಜೊತೆ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ ಪ್ರೊಟೆಕ್ಟರ್ (ಚಕ್ರವರ್ತಿಯ ಅಂಗರಕ್ಷಕ ದರ್ಜೆ) ಆದ. ಕೊನೆಗೆ ಡಿಯೊನಿಸಿಯಾಸ್ ಎಂಬ ಊರಿನ ಪಡೆಗೆ ಮುಖ್ಯಸ್ಥನಾಗಿ ಹೋದರೆ, ಶಿಫಾರಸು ಹಿಡಿದು ಅದೇ ಹುದ್ದೆಯ ಪತ್ರ ತಂದವರು ಬೇರೆಯವರೂ ಇದ್ದರು! ಅವನು ಚಕ್ರವರ್ತಿಗಳಿಗೇ ಅರ್ಜಿ ಹಾಕಬೇಕಾಯಿತು. 33 ವರ್ಷದ ದುಡಿಮೆಗೆ ಮೂರೂವರೆ ಗೆರೆ. ಆ ಬೊಂಬೆಗೆ ನಾನು ನರೆತ ಗಡ್ಡ ಮಾಡಿದ್ದೇನೆ, ಇಡೀ ಪಡೆಯಲ್ಲಿ ನನಗೆ ಅದೇ ಜಾಸ್ತಿ ಇಷ್ಟ.

ಎರಡನೇ ಕಂತನ್ನು ಇಲ್ಲೇ ರೆಸಿನ್‌ನಲ್ಲಿ ಪ್ರಿಂಟ್ ಮಾಡಿಸಿದೆ, ಎಲ್ಲ ಸೇರಿ 4,500 ದಾಟಲಿಲ್ಲ. ಮುಂದಿನದು ಕಾಲಾಳು ಪಡೆ. ಅದಕ್ಕೆ ಚಕ್ರವರ್ತಿ ಅನಸ್ತಾಸಿಯಸ್ ಕಾಲದ, ಈಗಿನ ಟರ್ಕಿಯ ಪೆರ್ಗೆ ಎಂಬಲ್ಲಿನ ಶಾಸನ ಇದೆ, ಅದರಲ್ಲಿ ಆರ್ಡಿನಾರಿಯಸ್, ಆಗಸ್ಟಾಲಿಸ್, ಫ್ಲಾವಿಯಾಲಿಸ್ ಅಂತ ಪದವಿಗಳೇ ಬೇರೆ, ಪಾಲು ಮಾತ್ರ ಇಲ್ಲೂ ಅನೋನಾದಲ್ಲೇ. ಪ್ರಿಂಟ್‌ಗೆ ಸಿಗ್ನಿಫರ್‌ಗಳನ್ನು (ಪಡೆಯ ಧ್ವಜ ಹಿಡಿಯುವವರು) ಮೊದಲು ಕೊಟ್ಟಿದ್ದೇನೆ.