ಕೋಚ್ ಎನ್‌ಎಫ್‌ಎಲ್‌ಗೆ ಹೊರಟಾಗ ಏನನ್ನು ಗಮನಿಸಬೇಕು?

ಮಿಷಿಗನ್ ವಿಶ್ವವಿದ್ಯಾಲಯ ಇರುವ ಅಮೆರಿಕದ ಆನ್ ಆರ್ಬರ್‌ಗೆ ಓದಲು ಬರುವ ನಮ್ಮ ಹುಡುಗರಿಗೆ ಅಮೆರಿಕನ್ ಫುಟ್‌ಬಾಲ್ ಹುಚ್ಚು ಬೇಗ ಹತ್ತುತ್ತದೆ. ಕಾಲೇಜು ತಂಡದ ಕೋಚ್ ಬಿಟ್ಟು ಎನ್‌ಎಫ್‌ಎಲ್‌ಗೆ, ಅಂದರೆ ಅಲ್ಲಿನ ವೃತ್ತಿಪರ ಲೀಗ್‌ಗೆ, ಹೋದರೆ ಅರ್ಧ ಊರೇ ಮಂಕಾಗುತ್ತದೆ. ಆಗ ಅಳುತ್ತಾ ಕೂರಬೇಡಿ, ಲೆಕ್ಕ ಹಾಕಿ.

ಮೊದಲು ಕೋಚ್ ಜೊತೆ ಯಾರ್‍ಯಾರು ಹೋಗುತ್ತಾರೆ ನೋಡಿ. 2024ರ ಜನವರಿ 8ರಂದು ಮಿಷಿಗನ್ ತಂಡ ವಾಷಿಂಗ್ಟನ್ ತಂಡವನ್ನು 34-13ರಿಂದ ಸೋಲಿಸಿ ಕಾಲೇಜು ಫುಟ್‌ಬಾಲ್‌ನ ರಾಷ್ಟ್ರೀಯ ಚಾಂಪಿಯನ್ ಆಯಿತು. ಅದೇ ತಿಂಗಳು ಹೆಡ್ ಕೋಚ್ ಜಿಮ್ ಹಾರ್ಬಾ ಎನ್‌ಎಫ್‌ಎಲ್ ತಂಡ ಲಾಸ್ ಏಂಜಲೀಸ್ ಚಾರ್ಜರ್ಸ್ ಸೇರಿದರು. ಡಿಫೆನ್ಸ್ ನೋಡಿಕೊಳ್ಳುತ್ತಿದ್ದ ಜೆಸ್ಸಿ ಮಿಂಟರ್, ಆಟಗಾರರ ಮೈಕಟ್ಟು ರೂಪಿಸುತ್ತಿದ್ದ ಬೆನ್ ಹರ್ಬರ್ಟ್ ಕೂಡ ಹಿಂದೆಯೇ ಹೊರಟರು. ನನ್ನ ಪ್ರಕಾರ ಜಾಸ್ತಿ ನೋವು ಕೊಟ್ಟಿದ್ದು ಇದು. ಹೆಡ್ ಕೋಚ್ ಒಬ್ಬನೇ ಹೋದರೆ ಹೇಗೋ ಸುಧಾರಿಸಿಕೊಳ್ಳಬಹುದು, ಅಲ್ವಾ?

ಆಮೇಲೆ ಆಟಗಾರರ ಕಡೆ ಕಣ್ಣಿಡಿ. ಆಗಿನ ನಿಯಮದಂತೆ, ಕೋಚ್ ಬದಲಾದರೆ ಆಟಗಾರರು ಬೇರೆ ಕಾಲೇಜಿಗೆ ಹೋಗಲು ಹೆಸರು ಕೊಡಬಹುದಿತ್ತು, ಅದಕ್ಕೆ 30 ದಿನ ಸಮಯ. ಹಾಗಾಗಿ ಹೊಸ ಕೋಚ್ ಹುಡುಕುತ್ತಾ ತಿಂಗಳು ಕಳೆಯುವಂತಿರಲಿಲ್ಲ. ಮಿಷಿಗನ್ ಕೆಲವೇ ದಿನಗಳಲ್ಲಿ ಒಳಗಿನವರೇ ಆದ ಶೆರೋನ್ ಮೂರ್ ಅವರನ್ನು ಆರಿಸಿತು. ಹಾರ್ಬಾ ಅಮಾನತಿನಲ್ಲಿದ್ದಾಗ ಬದ್ಧ ಎದುರಾಳಿ ಓಹಾಯೋ ಸ್ಟೇಟ್ ವಿರುದ್ಧ ತಂಡ ನಡೆಸಿ ಗೆಲ್ಲಿಸಿದ್ದವರು ಅವರೇ.

ಮೊದಲ ವರ್ಷ ಆಸೆ ಕಡಿಮೆ ಇರಲಿ. 2024ರಲ್ಲಿ ಮಿಷಿಗನ್ 8 ಗೆದ್ದು 5 ಸೋತಿತು. ಸುಮ್ನೆ ಕೋಚ್‌ಗೆ ಬೈಯುವ ಮುನ್ನ, ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿ ನಡೆಸುವ ಮುಖ್ಯ ಆಟಗಾರ, ಮೆಕಾರ್ಥಿ ಕೂಡ ಎನ್‌ಎಫ್‌ಎಲ್‌ಗೆ ಹೋಗಿದ್ದು ನೆನಪಿರಲಿ. ಆದರೂ ಎದುರಾಳಿಯ ಊರು ಕೊಲಂಬಸ್‌ಗೇ ಹೋಗಿ ಓಹಾಯೋ ಸ್ಟೇಟನ್ನು 13-10ರಿಂದ ಸೋಲಿಸಿದರು. ಇಲ್ಲಿನವರಿಗೆ ಆ ಒಂದು ಗೆಲುವಿದ್ದರೆ ಉಳಿದ ಐದು ಸೋಲು ಲೆಕ್ಕಕ್ಕೇ ಇಲ್ಲ!