ಬರಲ್ಲ ಅಂತ ಹೇಳೋಕೂ ಒಂದು ನಂಬರ್ ಬೇಕು

ಮಂಡ್ಯದಲ್ಲಿ ನಮ್ಮಕ್ಕನದು ಹಲ್ಲಿನ ಕ್ಲಿನಿಕ್. ಒಂದೇ ಕುರ್ಚಿ, ಒಬ್ಬರು ನರ್ಸಮ್ಮ, ಹೊರಗೆ ಟೇಬಲ್ ಹಾಕಿಕೊಂಡು ನಾನು. ಮೊದಲು ಡಿಟಿಪಿ ಅಂಗಡಿ ಇಟ್ಟಿದ್ದೆ, ಲಗ್ನಪತ್ರಿಕೆ, ಕರಪತ್ರ ಅಂತ. ಆ ಕೆಲಸ ಕಮ್ಮಿಯಾದ ಮೇಲೆ ಅಕ್ಕ, "ಸುಮ್ನೆ ಕೂತಿರ್ತೀಯಲ್ಲ, ಬಾ" ಅಂದಳು. ಬಂದೆ.

ಬಂದ ಮೊದಲ ವಾರವೇ ಒಂದು ವಿಷಯ ಕಣ್ಣಿಗೆ ಬಿತ್ತು. ಪುಸ್ತಕದಲ್ಲಿ ಹೆಸರು ಬರೆದುಕೊಂಡವರಲ್ಲಿ ದಿನಾ ಮೂರು ನಾಲ್ಕು ಜನ ಬರೋದೇ ಇಲ್ಲ. ರೂಟ್ ಕೆನಾಲ್‌ನವರದ್ದೇ ಜಾಸ್ತಿ. ಅದಕ್ಕೆ ಸಾಮಾನ್ಯವಾಗಿ ಎರಡು ಮೂರು ಸಲ ಬರಬೇಕು. ಮೊದಲ ಸಲಕ್ಕೇ ನೋವು ಹೋಗುತ್ತೆ, ತಾತ್ಕಾಲಿಕ ಸಿಮೆಂಟ್ ಹಾಕಿ ಕಳಿಸುತ್ತಾರೆ. ಅಷ್ಟೇ, ಆಸಾಮಿ ನಾಪತ್ತೆ. ನಾಲ್ಕು ತಿಂಗಳ ಮೇಲೆ ಹಲ್ಲು ಸೀಳಿಕೊಂಡು ಬರುತ್ತಾರೆ. ಆಗ ಕೀಳೋದೊಂದೇ ದಾರಿ. ಯಾಕೆ ಬರಲಿಲ್ಲ ಅಂತ ಕೇಳಿದರೆ, "ನೋವೇ ಹೋಯ್ತಲ್ಲ ಸಾ, ಇನ್ಯಾಕ್ ಬರದು?"

ಮೊದಲು ನನ್ನ ಫೋನಿಂದಲೇ ಒಬ್ಬೊಬ್ಬರಿಗೆ ನೆನಪಿಸುವ ಮೆಸೇಜ್ ಕಳಿಸುತ್ತಿದ್ದೆ. ಸಂಜೆ ಅರ್ಧ ಗಂಟೆ ಅದಕ್ಕೇ. ಜನ ಜಾಸ್ತಿ ಇದ್ದ ದಿನವೇ ಮರೆತು ಹೋಗುತ್ತಿತ್ತು, ಅಂದರೆ ಬೇಕಾದ ದಿನವೇ. ಜೊತೆಗೆ ವ್ಯಾಪಾರದ ಮೆಸೇಜನ್ನು ಮಾಮೂಲಿ 10 ಅಂಕಿಯ ನಂಬರಿಂದ ಸಾಲಾಗಿ ಕಳಿಸೋದು ಟ್ರಾಯ್ (ಫೋನ್ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ) ನಿಯಮಕ್ಕೆ ವಿರುದ್ಧ. ಬೇಡದ ಮೆಸೇಜ್ ಅಂತ ಯಾರಾದರೂ 1909ಕ್ಕೆ ದೂರು ಕೊಟ್ಟರೆ ನಂಬರೇ ಹೋಗಬಹುದು. ಅದು ಹದಿನೈದು ವರ್ಷದಿಂದ ಇಟ್ಟುಕೊಂಡ ನಂಬರು. ಹಾಗಾಗಿ ಸರಿಯಾದ ದಾರಿಗೇ ಇಳಿದೆ.

ಆ ದಾರಿಯ ಹೆಸರು ಡಿಎಲ್‌ಟಿ. ಟ್ರಾಯ್ 2018ರಲ್ಲಿ ತಂದ ನಿಯಮದ ಪ್ರಕಾರ ಕಂಪನಿಯೇ ಆಗಲಿ, ಒಂದು ಕುರ್ಚಿಯ ಕ್ಲಿನಿಕ್ಕೇ ಆಗಲಿ, ಕಂಪ್ಯೂಟರಿಂದ ಮೆಸೇಜ್ ಕಳಿಸಬೇಕಾದರೆ ಟೆಲಿಕಾಂ ಕಂಪನಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ನಾವು ಕಟ್ಟಿದ್ದು ಜಿಎಸ್‌ಟಿ ಸೇರಿ 5,900 ರೂಪಾಯಿ. ಆಮೇಲೆ ಆರು ಅಕ್ಷರದ ಹೆಡರ್ ತಗೋಬೇಕು. ಬ್ಯಾಂಕಿನ ಮೆಸೇಜ್ ಬಂದಾಗ ನಂಬರ್ ಬದಲು ಇಂಗ್ಲಿಷ್ ಅಕ್ಷರ ಕಾಣುತ್ತಲ್ವಾ, ಅದೇ. 2025ರಿಂದ ಅದರ ಬಾಲಕ್ಕೆ ಇನ್ನೊಂದು ಅಕ್ಷರ ಬರುತ್ತಿದೆ. ಪ್ರಚಾರಕ್ಕೆ ಪಿ, ಸೇವೆಗೆ ಎಸ್. ನಮ್ಮದು ಎಸ್.

ನಮ್ಮ ಮೊದಲ ಅರ್ಜಿ ವಾಪಸ್ ಬಂತು. ಪ್ಯಾನ್ ಕಾರ್ಡಿನಲ್ಲಿ ಅಕ್ಕನ ಹೆಸರು, ಬೋರ್ಡಿನ ಮೇಲೆ ನಮ್ಮಜ್ಜಿಯ ಹೆಸರು. ಎರಡಕ್ಕೂ ಏನು ಸಂಬಂಧ ಅಂತ ಅವರ ಪ್ರಶ್ನೆ. ಕ್ಲಿನಿಕ್ಕಿನ ನೋಂದಣಿ ಪತ್ರದಲ್ಲಿ ಎರಡೂ ಹೆಸರು ಒಟ್ಟಿಗೆ ಇದ್ದವು. ಅದನ್ನು ಸ್ಕ್ಯಾನ್ ಮಾಡಿ ಕಳಿಸಿದ ಮೇಲೆ ಆಯಿತು. ನೀವು ಮಾಡಿಸುವುದಾದರೆ ಇದನ್ನು ಮೊದಲೇ ಕೈಯಲ್ಲಿಟ್ಟುಕೊಳ್ಳಿ.

ಕೊನೆಗೆ ಟೆಂಪ್ಲೇಟ್. ಏನು ಕಳಿಸುತ್ತೀರೋ ಆ ವಾಕ್ಯವನ್ನು ಮೊದಲೇ ಕೊಟ್ಟು ಒಪ್ಪಿಗೆ ಪಡೆಯಬೇಕು. ಹೆಸರು, ದಿನ, ಗಂಟೆ ಮಾತ್ರ ಖಾಲಿ ಬಿಡಬಹುದು, ಮಿಕ್ಕಿದ್ದು ಇದ್ದ ಹಾಗೇ ಇರಬೇಕು. ಒಂದು ದಿನ ನೋಡೋಕೆ ಚೆನ್ನಾಗಿರಲಿ ಅಂತ "ಅವರೇ" ಆದ ಮೇಲಿದ್ದ ಕಾಮಾ ತೆಗೆದೆ. ಅವತ್ತು ಸಂಜೆ ಒಬ್ಬರಿಗೂ ಮೆಸೇಜ್ ಹೋಗಲಿಲ್ಲ. ಕಂಪ್ಯೂಟರಿನಲ್ಲಿ ಮಾತ್ರ ಕಳಿಸಿದ್ದಾಗಿದೆ ಅಂತಲೇ ತೋರಿಸುತ್ತಿತ್ತು. ಅವತ್ತಿಂದ ಪಟ್ಟಿಯ ಮೊದಲ ಸಾಲಿನಲ್ಲಿ ನನ್ನ ನಂಬರನ್ನೇ ಇಟ್ಟಿದ್ದೇನೆ. ಸಂಜೆ ನನ್ನ ಫೋನ್ ಕುಂಯ್ ಅಂದರೆ ಎಲ್ಲರಿಗೂ ಹೋಗಿದೆ ಅಂತ ಲೆಕ್ಕ.

ನಮ್ಮ ಜನಕ್ಕೆ ಕನ್ನಡದಲ್ಲೇ ಕಳಿಸಬೇಕು ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ಒಂದು ಲೆಕ್ಕ ಇದೆ. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ ಹಿಡಿಯುತ್ತೆ, ಕನ್ನಡದಲ್ಲಿ 70 ಮಾತ್ರ. ಅದಕ್ಕಿಂತ ಉದ್ದವಾದರೆ ತುಂಡಾಗುತ್ತೆ, ಆಗ ಒಂದು ತುಂಡಿಗೆ 67. ಮಿಕ್ಕ ಮೂರು, ತುಂಡು ಜೋಡಿಸುವ ಗುರುತಿಗೆ ಹೋಗುತ್ತೆ. ತುಂಡಿನ ಲೆಕ್ಕದಲ್ಲೇ ದುಡ್ಡು. ಆ 70 ಕೂಡ ನಾವು ಕಣ್ಣಲ್ಲಿ ಎಣಿಸುವ 70 ಅಲ್ಲ. "ಡಾಕ್ಟರ್" ನಮಗೆ ಮೂರಕ್ಷರ. ಮಿಷನ್ನಿಗೆ ಏಳು: ಡ, ಅದರ ದೀರ್ಘ, ಕ, ಒಂದು ವಿರಾಮ (ಅಕ್ಷರವನ್ನು ಅರ್ಧ ಮಾಡುವ ಗುರುತು), ಟ, ರ, ಇನ್ನೊಂದು ವಿರಾಮ. ಒತ್ತಕ್ಷರ ಬಂದಷ್ಟೂ ಖರ್ಚು. "ಕ್ಲಿನಿಕ್‌ಗೆ" ಅಂತ ಬರೆದರೆ ಕ್ ಮತ್ತು ಗೆ ಅಂಟಿಕೊಳ್ಳದಿರಲಿ ಅಂತ ನಡುವೆ ಕಾಣದ ಒಂದು ಗುರುತು ಕೂರುತ್ತೆ. ಅದಕ್ಕೂ ಒಂದು ಜಾಗ! ಡಿಟಿಪಿ ಮಾಡಿದವನಿಗೆ ಇದೆಲ್ಲ ಗೊತ್ತಿರಬೇಕಿತ್ತು, ಆದರೂ ಮೊದಲ ಬಿಲ್ ನೋಡಿದಾಗಲೇ ಹೊಳೆದಿದ್ದು. "ಕ್ಷಮಿಸಿ", "ಭೇಟಿಯ ವೇಳೆ", "ದಯವಿಟ್ಟು ಗಮನಿಸಿ" ಅಂತೆಲ್ಲ ಸೇರಿಸಿ ಮೆಸೇಜನ್ನು ಮೂರು ತುಂಡು ಮಾಡಿದ್ದೆ. ಕತ್ತರಿಸಿ ಕತ್ತರಿಸಿ ಎರಡಕ್ಕೆ ತಂದೆ. ಅಕ್ಕ, "ಮರ್ಯಾದೆ ಕಮ್ಮಿ ಆಯ್ತು ಕಣೋ" ಅಂದಳು. ಮರ್ಯಾದೆಗೆ "ಅವರೇ" ಅಂತ ಒಂದು ಉಳಿಸಿದ್ದೇನೆ.

ಯಂತ್ರದ ಕಡೆ ದೊಡ್ಡದೇನಿಲ್ಲ. ಗೂಗಲ್ ಶೀಟ್‌ನಲ್ಲಿ ಹೆಸರು, ನಂಬರ್, ತಾರೀಕು, ಗಂಟೆ. ಅದರ ಹಿಂದೆ ಒಂದು ಚಿಕ್ಕ ಸ್ಕ್ರಿಪ್ಟ್. ದಿನಾ ಸಂಜೆ ಐದರಿಂದ ಆರರ ಒಳಗೆ ತಾನೇ ಎದ್ದು, ನಾಳೆಯ ತಾರೀಕಿನವರನ್ನು ಹುಡುಕಿ, ಮೆಸೇಜ್ ಕಳಿಸುವ ಕಂಪನಿಗೆ ದಾಟಿಸುತ್ತೆ. ಟೈಮ್ ಝೋನ್ ಕೋಲ್ಕತ್ತಾ ಅಂತಲೇ ಇದೆಯಾ ನೋಡಿಕೊಳ್ಳಿ, ನಮ್ಮ ದೇಶದ ಸಮಯಕ್ಕೆ ಅಲ್ಲಿ ಅದೇ ಹೆಸರು.

ನಾನು ಎಡವಿದ್ದು ತಾರೀಕಿನಲ್ಲಿ. ಜೂನ್ ತಿಂಗಳಲ್ಲಿ ಶುರು ಮಾಡಿದ್ದು. 7/6 ಅಂತ ಬರೆದೆ, ಜೂನ್ 7 ಅಂದುಕೊಂಡು. ಶೀಟಿನ ಸೆಟ್ಟಿಂಗ್ ಅಮೆರಿಕದ್ದೇ ಉಳಿದಿತ್ತು. ಅಲ್ಲಿ ತಿಂಗಳು ಮೊದಲು, ಹಾಗಾಗಿ ಅದು ಜುಲೈ 6 ಆಯಿತು. 13/6 ಅಂತ ಬರೆದಿದ್ದಂತೂ ತಾರೀಕೇ ಅಲ್ಲ ಅಂತ ಬರೀ ಅಕ್ಷರವಾಗಿ ಕೂತಿತು. ಯಾರಿಗೂ ಮೆಸೇಜ್ ಇಲ್ಲ. ಎರಡು ದಿನ ತಲೆ ಕೆಡಿಸಿಕೊಂಡು ಸೆಟ್ಟಿಂಗ್ ಇಂಡಿಯಾಕ್ಕೆ ಬದಲಾಯಿಸಿದೆ. ಸರಿಹೋಯಿತು ಅಂತ ನೆಮ್ಮದಿಯಾಗಿದ್ದೆ. ಆದರೆ ಸೆಟ್ಟಿಂಗ್ ಬದಲಾಯಿಸಿದರೆ ಒಳಗೆ ಆಗಲೇ ಜುಲೈ ಅಂತ ಕೂತಿದ್ದು ಬದಲಾಗೋದಿಲ್ಲ. ಜುಲೈ 5ರ ಸಂಜೆ ಅವರಿಗೆಲ್ಲ ಮೆಸೇಜ್ ಹೋಯಿತು. ಮಾರನೆಯ ದಿನ ಕೆರಗೋಡಿಂದ ಬಸ್ ಹತ್ತಿ ಒಬ್ಬರು ಬಂದೇಬಿಟ್ಟರು. ತಿಂಗಳ ಹಿಂದೆಯೇ ದವಡೆ ಹಲ್ಲು ಕೀಳಿಸಿಕೊಂಡಿದ್ದವರು. ಬಾಗಿಲಲ್ಲೇ ನಿಂತು, "ಇನ್ನೊಂದ್ ಕೀಳ್ಬೇಕಾ ಸಾ?" ಅಂದರು. ಮುಖ ಬಿಳುಚಿಕೊಂಡಿತ್ತು. ಒಂದು ಟೀ ಕುಡಿಸಿ, ಬಸ್ ಚಾರ್ಜ್ ಕೊಟ್ಟು ಕಳಿಸಿದೆ.

ಮೊದಲ ಟೆಂಪ್ಲೇಟಿನಲ್ಲಿ "ನಾಳೆ" ಅಂತ ಬರೆದಿದ್ದೆ. ಹಳ್ಳಿಯಲ್ಲಿ ಫೋನ್ ಮಗನ ಹತ್ತಿರ ಇರುತ್ತೆ, ಮಗ ಬೆಂಗಳೂರಲ್ಲಿರುತ್ತಾನೆ. ಅವನು ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮೆಸೇಜ್ ನೋಡಿ ಅಮ್ಮನಿಗೆ ಫೋನ್ ಮಾಡಿ "ನಾಳೆ ಹೋಗಬೇಕಂತೆ" ಅಂದರೆ, ಆಕೆ ಬರೋದು ನಾಡಿದ್ದು. ಈಗ "ಬುಧವಾರ" ಅಂತಲೇ ಹೋಗುತ್ತೆ. ಏನು ಚಿಕಿತ್ಸೆ ಅನ್ನೋದನ್ನೂ ಬರೆಯೋದಿಲ್ಲ. ಒಂದು ಫೋನನ್ನು ನಾಲ್ಕು ಜನ ನೋಡುವ ಮನೆಗಳಿವೆ. ಹುಡುಗಿಗೆ ಹಲ್ಲು ಕಟ್ಟಿಸುವ ವಿಷಯ ಮನೆಗೆಲ್ಲ ಗೊತ್ತಾಗೋದು ಬೇಡ.

ಇಷ್ಟಾದರೂ ಬರದವರು ಬರಲೇ ಇಲ್ಲ. ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. ಒಂದು ದಿನ ಪಾಂಡವಪುರದ ಕಡೆಯ ರೈತರೊಬ್ಬರು ಎರಡು ವಾರ ತಡವಾಗಿ ಬಂದರು. ಮೆಸೇಜ್ ಬಂದಿತ್ತಾ ಅಂತ ಕೇಳಿದೆ. "ಬಂದಿತ್ತು ಸಾ. ಅವತ್ತು ಆಲೆಮನೆಗೆ ಕಬ್ಬು ಹೊಡೀಬೇಕಿತ್ತು. ಬರಕಾಯ್ತಿಲ್ಲ ಅಂತ ಅದಕ್ಕೇ ಬರ್ದು ಕಳುಸ್ದೆ. ನೀವೇನೂ ಹೇಳ್ನಿಲ್ಲ. ಡಾಕ್ಟ್ರಮ್ಮಂಗೆ ಬೇಜಾರಾಗದೆ ಅಂತ ನಾಚ್ಕಂಡು ಬರ್ನಿಲ್ಲ." ಫೋನ್ ತೆಗೆದು ತೋರಿಸಿದರು. ಹೆಡರ್‌ಗೆ ಉತ್ತರ ಕಳಿಸೋಕೆ ನೋಡಿದ್ದಾರೆ. ಹೆಡರ್‌ನಿಂದ ಬಂದ ಮೆಸೇಜಿಗೆ ಉತ್ತರ ಹೋಗೋದೇ ಇಲ್ಲ. ಬರೆದಿದ್ದರ ಪಕ್ಕ ಕೆಂಪು ಗುರುತು.

ಅವರಿಗೆ ನೆನಪಿತ್ತು. ಬರೋಕೆ ಆಗಲ್ಲ ಅಂತ ಹೇಳೋಕೆ ನಾನು ಜಾಗ ಬಿಟ್ಟಿರಲಿಲ್ಲ. ಮೂರು ತಿಂಗಳಿಂದ ಜನಕ್ಕೆ ಜ್ಞಾಪಿಸಿದ್ದೇ ಜ್ಞಾಪಿಸಿದ್ದು.

ಟೆಂಪ್ಲೇಟ್ ಬದಲಾಯಿಸಿ ಮತ್ತೆ ಒಪ್ಪಿಗೆಗೆ ಕಳಿಸಿದೆ. ಈಗ ಹೋಗೋದು ಇದು: "(ಹೆಸರು) ಅವರೇ, ಬುಧವಾರ ಬೆಳಿಗ್ಗೆ 11ಕ್ಕೆ ನಿಮ್ಮ ಸರದಿ. ಬರಲು ಆಗದಿದ್ದರೆ (ನಂಬರ್)ಗೆ ಮಿಸ್ಡ್ ಕಾಲ್ ಕೊಡಿ, ಬೇರೆ ದಿನ ಹೇಳ್ತೀವಿ." ಕೆಳಗೆ ಕ್ಲಿನಿಕ್ಕಿನ ಹೆಸರು. ಎಲ್ಲ ಸೇರಿ 134ರ ಒಳಗೆ, ಎರಡೇ ತುಂಡು. ನನಗೆ ಬೀಳುವುದು ಒಂದು ತುಂಡಿಗೆ 20 ಪೈಸೆ ಆಸುಪಾಸು. ಒಂದು ಖಾಲಿ ಹೋದ ಅರ್ಧ ಗಂಟೆಯ ಮುಂದೆ ಅದು ಏನೇನೂ ಅಲ್ಲ.

ಮಿಸ್ಡ್ ಕಾಲ್‌ಗೆ ಒಂದು ಹಳೇ ಬಟನ್ ಫೋನ್ ಇಟ್ಟೆವು. ಮೊದಲ ಭಾನುವಾರ ಅದನ್ನು ಡ್ರಾದಲ್ಲಿಟ್ಟು ಬೀಗ ಹಾಕಿ ಮನೆಗೆ ಹೋಗಿದ್ದೆ. ಸೋಮವಾರ ಬಂದು ನೋಡಿದರೆ ಐದು ಕಾಲ್, ಐದೂ ಸೋಮವಾರದವರದ್ದೇ. ಈಗ ಭಾನುವಾರ ಅದು ನನ್ನ ಜೇಬಲ್ಲಿರುತ್ತೆ.

ವಾಪಸ್ ಮಾತಾಡಿಸಿದಾಗ ಕಾರಣಗಳು ಒಂದೊಂದಾಗಿ ಹೊರಬಂದವು. ನಾಟಿ ಇದೆ. ನಾಲೆಯಲ್ಲಿ ನೀರು ಬಿಟ್ಟಿದ್ದಾರೆ. ಅವತ್ತು ಅಮಾವಾಸ್ಯೆ, ಹಲ್ಲು ಕೀಳಿಸ್ತಾರಾ ಯಾರಾದರೂ? ಅಕ್ಕ ತಾರೀಕು ಹೇಳಿದಾಗ ಎಲ್ಲರೂ ಹೂಂ ಅಂದಿರುತ್ತಾರೆ. ಡಾಕ್ಟರ ಮುಂದೆ ಅಮಾವಾಸ್ಯೆ ಅನ್ನೋಕೆ ಸಂಕೋಚ. ಈಗ ಶೀಟಿನಲ್ಲಿ ಅಮಾವಾಸ್ಯೆಯ ದಿನಗಳಿಗೆ ಬೂದು ಬಣ್ಣ ಹಚ್ಚಿದ್ದೇನೆ. ಆ ದಿನ ಕ್ಲೀನಿಂಗ್‌ಗೆ, ಫಿಲ್ಲಿಂಗ್‌ಗೆ ಕೊಡುತ್ತೇನೆ, ಕೀಳೋದಕ್ಕೆ ಕೊಡೋದಿಲ್ಲ. ಮಹಾಲಯ ಅಮಾವಾಸ್ಯೆಗಂತೂ ಯಾವುದಕ್ಕೂ ಇಲ್ಲ. ಮನೆಮನೆಯಲ್ಲೂ ಹಿರಿಯರಿಗೆ ಎಡೆ ಇಡುವ ದಿನ ಬಾಯಿ ತೆರೆದುಕೊಂಡು ಕೂರೋಕೆ ಯಾರು ಬರುತ್ತಾರೆ?

ಈಗ ಬರದೇ ಇರುವವರು ವಾರಕ್ಕೆ ಒಬ್ಬರೋ ಇಬ್ಬರೋ. ಕಾಲ್ ಮಾಡಿದವರ ಜಾಗಕ್ಕೆ, ನೋವು ಅಂತ ಓಡಿ ಬಂದವರನ್ನು ಕೂರಿಸುತ್ತೇನೆ.

ಒಂದು ತೊಡಕು ಮಾತ್ರ ಉಳಿದಿದೆ. ಮಳವಳ್ಳಿ ಕಡೆಯ ಒಬ್ಬ ತಾತ ಪ್ರತಿ ಸಲ ಮಿಸ್ಡ್ ಕಾಲ್ ಕೊಡುತ್ತಾರೆ. ಮೊದಲ ಸಲ ಅವರ ಹೆಸರು ಹೊಡೆದು ಬೇರೆಯವರಿಗೆ ಆ ಟೈಮ್ ಕೊಟ್ಟುಬಿಟ್ಟೆ. ಬೆಳಿಗ್ಗೆ ಹತ್ತಕ್ಕೇ ಬಂದು ಬೆಂಚಿನ ಮೇಲೆ ಕೂತಿದ್ದರು. "ತಾತ, ಬರಲ್ಲ ಅಂತ ಫೋನ್ ಮಾಡಿದ್ರಲ್ಲ?" ಅಂದೆ. "ಬತ್ತೀನಿ ಅಂತ ಮಾಡ್ದೆ ಕಣಪ್ಪಾ" ಅಂದರು.

ಈಗ ಮಿಸ್ಡ್ ಕಾಲ್ ಬಂದ ಎಲ್ಲರಿಗೂ ವಾಪಸ್ ಫೋನ್ ಮಾಡಿ ಕೇಳಿಯೇ ಹೆಸರು ಹೊಡೆಯುತ್ತೇನೆ.