ಎರಡು ಪಾಯಿಂಟ್, ಎಂಟು ವ್ಯಾಗನ್, ಒಂದೇ ಎಂಜಿನ್

ಎನ್ ಸ್ಕೇಲಿನಲ್ಲಿ, ಅಂದರೆ ನಿಜದ 160ನೇ ಒಂದು ಗಾತ್ರದ ಮಾದರಿ ರೈಲಿನಲ್ಲಿ, ಶಂಟಿಂಗ್ (ವ್ಯಾಗನ್‌ಗಳನ್ನು ಹಳಿಯಿಂದ ಹಳಿಗೆ ಸರಿಸಿ ಜೋಡಿಸುವುದು) ಸಾಧ್ಯವಿಲ್ಲ, ಅಷ್ಟು ಹಗುರವಾದ ಎಂಜಿನ್ ವೇಗ ಇಳಿಸಿದೊಡನೆ ಹಳಿ ಕವಲೊಡೆಯುವ ಪಾಯಿಂಟ್ ಮೇಲೆ ನಿಂತುಬಿಡುತ್ತದೆ, ಸುಮ್ಮನೆ ದೊಡ್ಡ ಗಾತ್ರದ ಎಚ್‌ಒಗೆ ಹೋಗು ಎಂದು ಬಲ್ಲವರೆಲ್ಲ ಬುದ್ಧಿ ಹೇಳಿದ್ದರು. ಈಗ ನನ್ನ ಎಂಜಿನ್ ಒಂದು ಮೀಟರ್ ಹಳಿಯನ್ನು, ನಡುವಿನ ಎರಡು ಪಾಯಿಂಟ್‌ಗಳೂ ಸೇರಿದಂತೆ, ಹೆಚ್ಚುಕಡಿಮೆ ಎರಡು ನಿಮಿಷದಲ್ಲಿ ದಾಟುತ್ತದೆ. 1:160ರ ಲೆಕ್ಕಕ್ಕೆ ಅದು ಗಂಟೆಗೆ ಐದು ಕಿಲೋಮೀಟರ್‌ಗಿಂತ ಕಡಿಮೆ, ಅಂದರೆ ಮನುಷ್ಯ ಪಕ್ಕದಲ್ಲಿ ನಡೆದು ಬರುವ ವೇಗ. ಎಂಟು ತಿಂಗಳಿಂದ ಹೀಗೇ ಓಡುತ್ತಿದೆ. ಬೇಡವೆಂದವರಲ್ಲಿ ಇಬ್ಬರು ಬಂದು ನೋಡಿ, ಬಾಗಿ ನಿಂತು ಅರ್ಧ ಗಂಟೆ ಆಡಿಸಿ ಹೋದರು.

ಇಪ್ಪತ್ತು ವರ್ಷದ ನಂತರ ಈ ಹವ್ಯಾಸಕ್ಕೆ ಮರಳಿದಾಗ ಅಟ್ಟದ ಪೆಟ್ಟಿಗೆಯಲ್ಲಿ ಹದಿನಾಲ್ಕು ಹಳೆಯ ಡಿಸಿ (ಹಳಿಯ ನೇರ ವಿದ್ಯುತ್ತಿಗೆ ಓಡುವ) ಎಂಜಿನ್‌ಗಳಿದ್ದವು. ಇವಕ್ಕೆ ಡಿಕೋಡರ್ (ಹಳಿಯ ಮೂಲಕ ಬರುವ ಡಿಜಿಟಲ್ ಆದೇಶ ಓದುವ ಚಿಪ್ಪು) ಹಾಕಿದರೆ ಹೊಸದು ಕೊಳ್ಳುವ ಖರ್ಚೇ ಇಲ್ಲ ಎಂದುಕೊಂಡೆ. ನನ್ನ ದೊಡ್ಡ ತಪ್ಪು ಅದೇ. ಹೆಚ್ಚಿನವು ಎರಡು ಹೋಳಿನ ಲೋಹದ ಚೌಕಟ್ಟಿನವು. ಮೋಟಾರಿನ ಬ್ರಷ್ ನೇರವಾಗಿ ಚೌಕಟ್ಟಿಗೆ ತಾಗಿಕೊಂಡಿರುತ್ತದೆ. ಡಿಕೋಡರ್‌ಗಾಗಿ ಅದನ್ನು ಕ್ಯಾಪ್ಟಾನ್ (ವಿದ್ಯುತ್ ಹಾಯದ ತೆಳು) ಟೇಪ್ ಸುತ್ತಿ ಬೇರ್ಪಡಿಸಿದ್ದೆ, ಮೀಟರ್ ಕೂಡ ಸರಿಯೆಂದೇ ತೋರಿಸಿತ್ತು. ಆದರೆ ಸ್ಕ್ರೂ ಬಿಗಿಮಾಡುವಾಗ ಚೌಕಟ್ಟಿನ ಅಂಚು ಟೇಪನ್ನು ಕೊರೆದುಬಿಡುತ್ತಿತ್ತು. ಮೂರು ಡಿಕೋಡರ್ ಸುಟ್ಟ ಮೇಲೆ ಅದು ತಿಳಿಯಿತು. ಆ ಹಣಕ್ಕೆ ಒಂದು ಒಳ್ಳೆಯ ಹೊಸ ಎಂಜಿನ್ ಬರುತ್ತಿತ್ತು. ಹದಿಮೂರನ್ನು ಕೊಟ್ಟುಬಿಟ್ಟೆ, ಒಂದನ್ನು ನೆನಪಿಗೆ ಇಟ್ಟುಕೊಂಡಿದ್ದೇನೆ.

ಆಮೇಲೆ ಯೋಚನೆಯ ದಿಕ್ಕನ್ನೇ ಬದಲಿಸಿದೆ. ಸುತ್ತುಹಳಿ ಬೇಡ, ಏರುದಾರಿ ಬೇಡ. ಅಲನ್ ರೈಟ್ ಅವರ ಇಂಗಲ್‌ನುಕ್ ಎಂಬ ಶಂಟಿಂಗ್ ಒಗಟಿನ ನಕ್ಷೆ ಆರಿಸಿಕೊಂಡೆ: ಒಂದು ಸಾಲಿನಲ್ಲಿ ಐದು ವ್ಯಾಗನ್, ಉಳಿದೆರಡರಲ್ಲಿ ಮೂರು ಮೂರು, ತುದಿಯಲ್ಲಿ ಎಂಜಿನ್ ಮತ್ತು ಮೂರು ವ್ಯಾಗನ್ ಹಿಡಿಸುವಷ್ಟು ಹಳಿ. ಎಂಟು ವ್ಯಾಗನ್‌ಗಳಲ್ಲಿ ಐದನ್ನು ಹೇಳಿದ ಕ್ರಮದಲ್ಲಿ ಜೋಡಿಸುವುದೇ ಆಟ; ಅದಕ್ಕೆ 6,720 ವಿಧಗಳಿವೆ. ಒಂದು ವಾರದಲ್ಲಿ ಬೇಸರ ಬರುತ್ತದೆ ಎಂದವರು ಈ ಲೆಕ್ಕ ಹಾಕಿರಲಿಲ್ಲ. ಎನ್ ಸ್ಕೇಲಿನಲ್ಲಿ ಇದು 120 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲದ ಹಲಗೆಯಲ್ಲಿ ಮುಗಿಯುತ್ತದೆ. ಎಚ್‌ಒ ಆಗಿದ್ದರೆ ಉದ್ದವೇ ಎರಡು ಮೀಟರ್ ದಾಟುತ್ತಿತ್ತು.

ಕೊಳ್ಳುವುದು ಇಷ್ಟು ಕಡಿಮೆಯಿದ್ದರೆ ಒಂದೊಂದನ್ನೂ ಅತ್ಯುತ್ತಮವಾದದ್ದನ್ನೇ ಕೊಳ್ಳಬಹುದು. ಅಲ್ಲೂ ಮೊದಲ ಸಲ ಎಡವಿದೆ. ಪಾಯಿಂಟ್‌ನಲ್ಲಿ ಉಳಿಸೋಣವೆಂದು ಪ್ಲಾಸ್ಟಿಕ್ ಫ್ರಾಗ್‌ನವು (ಫ್ರಾಗ್ ಎಂದರೆ ಎರಡು ಹಳಿ ಅಡ್ಡ ಹಾಯುವ ಜಾಗ) ತಂದೆ. ಕೆಲವೇ ಮಿಲಿಮೀಟರ್ ಉದ್ದದ, ವಿದ್ಯುತ್ತಿಲ್ಲದ ಆ ಸತ್ತ ಜಾಗ ನಡಿಗೆಯ ವೇಗದ ಎಂಜಿನ್‌ಗೆ ಕಂದಕವಿದ್ದಂತೆ. ಅಂಟಿಸಿ ಜಲ್ಲಿ ಹಾಕಿದ್ದ ಹಳಿಯನ್ನು ಕಿತ್ತು, ಕೋಡ್ 55 (ಎತ್ತರ ಕಡಿಮೆಯ) ಹಳಿಯ, ಲೋಹದ ಫ್ರಾಗ್ ಇರುವ ಪಾಯಿಂಟ್‌ಗಳನ್ನು ಕೂರಿಸಿದೆ. ಮೋಟಾರ್ ಹಾಕಲಿಲ್ಲ. ಹಲಗೆಯ ಅಡಿಯಲ್ಲಿ ಸಾಮಾನ್ಯ ಸ್ಲೈಡ್ ಸ್ವಿಚ್ ಇಟ್ಟು, ಅದರ ಹಿಡಿಯಿಂದ ಪಿಯಾನೊ ತಂತಿ ಎಳೆದು ಪಾಯಿಂಟ್‌ಗೆ ಜೋಡಿಸಿದೆ. ಒಂದೇ ಸಲ ತಳ್ಳಿದರೆ ಹಳಿಯೂ ತಿರುಗುತ್ತದೆ, ಫ್ರಾಗ್‌ನ ವಿದ್ಯುತ್ತೂ ಬದಲಾಗುತ್ತದೆ. ಹಳಿಯ ಪ್ರತಿ ತುಂಡಿಗೂ ಬೇರೆಯೇ ತಂತಿ ಬೆಸೆದಿದ್ದೇನೆ; ಜೋಡಣೆಯ ಫಿಶ್‌ಪ್ಲೇಟ್ ವಿದ್ಯುತ್ ಒಯ್ಯುತ್ತದೆಂದು ನಂಬಿ ಹಿಂದೆ ಪಟ್ಟ ಪಾಡು ಸಾಕು.

ಎಂಜಿನ್ ಆರಿಸಲು ಎರಡು ತಿಂಗಳು ಹಿಡಿಯಿತು. ಆರು ಚಕ್ರದ ಚೆಂದದ ಸ್ಟೀಮ್ ಎಂಜಿನ್ ಒಂದಕ್ಕೆ ಮನಸ್ಸು ಹೋಗಿತ್ತು. ತಂದು ಓಡಿಸಿ ವಾಪಸ್ ಮಾಡಿದೆ. ಕೊನೆಗೆ ಕೊಂಡದ್ದು ಎಂಟು ಚಕ್ರಗಳಿಂದಲೂ ವಿದ್ಯುತ್ ಹೀರುವ, ಫ್ಲೈವೀಲ್ (ಓಟ ಸಮವಾಗಿಡುವ ಭಾರದ ಚಕ್ರ) ಇರುವ, ಡಿಕೋಡರ್ ಕೂರಿಸಲು ನೆಕ್ಸ್ಟ್18 ಸಾಕೆಟ್‌ನ ಡೀಸೆಲ್. ಒಟ್ಟು ಖರ್ಚಿನಲ್ಲಿ ಸುಮಾರು ಶೇ. 40 ಇದೊಂದಕ್ಕೇ ಹೋಯಿತು. ವಿದ್ಯುತ್ ಕ್ಷಣ ತಪ್ಪಿದರೂ ಓಡಲೆಂದು ಅದರ ಹೊಟ್ಟೆಗೆ 220 ಮೈಕ್ರೋಫ್ಯಾರಡ್‌ನ ಐದು ಟ್ಯಾಂಟಲಂ ಕೆಪಾಸಿಟರ್ ತುರುಕಿದ್ದೇನೆ. ಎಲ್ಲಿ, ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ತೂಕದ ಲೋಹವನ್ನು ಮಾತ್ರ ಕೊರೆದಿಲ್ಲ.

ನಿಯಂತ್ರಣಕ್ಕೆ, ಡಿಕೋಡರ್‌ಗೆ ಆದೇಶ ಕಳಿಸುವ ಸಿದ್ಧ ಕಮಾಂಡ್ ಸ್ಟೇಷನ್ ಕೊಳ್ಳದೆ, ಆರ್ಡುಯಿನೋ ಮೆಗಾ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಮತ್ತು ಅದರ ಮೇಲೆ ಕೂರುವ ಮೋಟಾರ್ ಶೀಲ್ಡ್‌ಗೆ ಡಿಸಿಸಿ-ಇಎಕ್ಸ್ ತಂತ್ರಾಂಶ ಹಾಕಿದೆ. ಖರ್ಚು ಐದನೇ ಒಂದು ಭಾಗಕ್ಕೆ ಇಳಿಯಿತು. ಮೊದಲ ಮೆಗಾ ಸುಟ್ಟಿತು ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಯೇ ಹೇಳುತ್ತಿದ್ದೇನೆ: ಶೀಲ್ಡ್‌ನ ಬೆನ್ನಿನಲ್ಲಿರುವ, ಮೆಗಾಕ್ಕೂ ಅದೇ ವಿದ್ಯುತ್ ಒಯ್ಯುವ ವಿನ್ ಸಂಪರ್ಕವನ್ನು ಕತ್ತರಿಸದೆ 15 ವೋಲ್ಟ್ ಕೊಟ್ಟಿದ್ದೆ. ಈಗ ಹಳಿಯಲ್ಲಿ 13 ವೋಲ್ಟ್ ಆಸುಪಾಸು ಸಿಗುತ್ತದೆ, ಉಳಿದದ್ದನ್ನು ಶೀಲ್ಡ್‌ನ ಚಿಪ್ಪೇ ನುಂಗುತ್ತದೆ. ಓಡಿಸುವುದು ಮೊಬೈಲ್‌ನಿಂದ.

ನಡುವೆ, ವಿದ್ಯುತ್ ಸಂಪರ್ಕ ಚೆನ್ನಾಗಿರಲೆಂದು, ಹಳಿಯ ಮೇಲೆ 4ಬಿ ಪೆನ್ಸಿಲ್ ಉಜ್ಜುವ ಪ್ರಯೋಗವನ್ನೂ ಮಾಡಿದೆ. ಸಮತಟ್ಟಿನಲ್ಲಿ ಅದ್ಭುತ; ಆರು ವಾರ ಹಳಿ ಒರೆಸಲಿಲ್ಲ. ಕುತೂಹಲಕ್ಕೆ ಶೇ. 4ರ ಏರಿನ ತುಂಡೊಂದಕ್ಕೂ ಹಚ್ಚಿ ನೋಡಿದೆ, ಚಕ್ರಗಳು ನಿಂತಲ್ಲೇ ತಿರುಗಿದವು. ಏರುದಾರಿ ಇರುವವರು ದೂರವಿರಿ.

ವ್ಯಾಗನ್‌ಗಳ ವಿಷಯದಲ್ಲಿ ನನ್ನದು ಬೇರೆಯೇ ಅಭಿಪ್ರಾಯ. ಸರಾಗವಾಗಿ ಉರುಳುವ ವ್ಯಾಗನ್ ಎಂದು ಎಲ್ಲರೂ ಹೊಗಳುತ್ತಾರೆ. ಶಂಟಿಂಗ್‌ಗೆ ಅದು ಕೆಡುಕು. ಎಂಜಿನ್ ಮೆಲ್ಲನೆ ತಾಗಿದೊಡನೆ ವ್ಯಾಗನ್ ಉರುಳಿ ಮುಂದೆ ಹೋಗುತ್ತದೆ, ಜೋಡಿಸುವ ಕೊಂಡಿ, ಅಂದರೆ ಕಪ್ಲರ್, ಕಚ್ಚುವುದೇ ಇಲ್ಲ. ಎನ್‌ಎಂಆರ್‌ಎ (ಅಮೆರಿಕದ ಮಾದರಿ ರೈಲು ಸಂಘ) ಸೂತ್ರದಂತೆ ಮೂರು ಇಂಚಿನ ವ್ಯಾಗನ್‌ಗೆ ಸುಮಾರು 27 ಗ್ರಾಂ ಆಗಬೇಕು. ನನ್ನವು 15ರ ಆಸುಪಾಸಿನಲ್ಲಿದ್ದವು. ಸೀಸ ತುಂಬಿ 27ಕ್ಕೆ ತಂದರೂ ಪೂರ್ತಿ ಸರಿಹೋಗಲಿಲ್ಲ. ಕೊನೆಗೆ ಪ್ರತಿ ವ್ಯಾಗನ್ನಿನ ಒಂದು ಅಚ್ಚಿಗೆ ಕೂದಲೆಳೆಯಂಥ ಸ್ಪ್ರಿಂಗ್ ತೊಡಿಸಿ ತುಸು ತಡೆ ಕೊಟ್ಟೆ. ಅಂದಿನಿಂದ ಎಂಜಿನ್ ಬಂದು ತಾಗಿದರೆ ವ್ಯಾಗನ್ ಕದಲುವುದಿಲ್ಲ, ಕಪ್ಲರ್ ಕಚ್ಚಿದ ಸಣ್ಣ ಟಿಕ್ ಸದ್ದು ಕೇಳಿಸುತ್ತದೆ.